ಪ್ರಾಗ್‌ನ ಗೆಂಡೆ, ಶಿವಾಜಿನಗರದ ನಕ್ಷತ್ರ

ಡಿಸೆಂಬರ್ ಬಂತೆಂದರೆ ನಮ್ಮ ಕೋಗಿಲು ಕ್ರಾಸಿನಲ್ಲಿ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಓಡುವ ಟ್ಯಾಕ್ಸಿಗಳ ತಲೆಯ ಮೇಲೆ ಭಾರಿ ಸೂಟ್‌ಕೇಸುಗಳು. ಒಳಗೆ, ನಮ್ಮೂರಿನ ಚಳಿಗೆ ಯಾವ ಲೆಕ್ಕದಲ್ಲೂ ಬೇಕಿಲ್ಲದ ದಪ್ಪ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಮಕ್ಕಳು. ಕ್ರಿಸ್‌ಮಸ್ ರಜೆಗೆ ಹೊರದೇಶಕ್ಕೆ ಹೊರಟ ಸಂಸಾರಗಳು. ಹಾಲು ತರಲು ಹೋದ ನಾನು ರಸ್ತೆ ದಾಟಲು ಕಾಯುತ್ತಾ ಈ ಮೆರವಣಿಗೆಯನ್ನು ನೋಡುತ್ತಾ ನಿಂತುಬಿಡುವುದುಂಟು.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿರುವಾತ ಇಂಥ ಟ್ಯಾಕ್ಸಿಯೊಂದರ ಚಾಲಕ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ 2008ರಿಂದಲೂ ಆತನಿಗೆ ಇದೇ ಕೆಲಸ. ಆ ನಿಲ್ದಾಣದ ಬಾಗಿಲಿಗೆ ಎಷ್ಟು ಸಾವಿರ ಸಲ ಹೋಗಿದ್ದಾನೋ, ಬಾಗಿಲ ಒಳಗೆ ಒಂದು ಸಲವೂ ಕಾಲಿಟ್ಟಿಲ್ಲ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಒಬ್ಬಳೇ ಮಗಳು, ಒಂಬತ್ತನೆಯ ತರಗತಿ. ಲೆಕ್ಕದಲ್ಲಿ ಚುರುಕು. ಸಂಜೆ ನನ್ನ ಹತ್ತಿರ ವ್ಯಾಕರಣ ಹೇಳಿಸಿಕೊಳ್ಳಲು ಬರುತ್ತಾಳೆ, ನನ್ನನ್ನು ತಾತ ಅನ್ನುತ್ತಾಳೆ.

ಈ ತಿಂಗಳ ಮೊದಲ ವಾರ ಆತ ರಾತ್ರಿ ಒಂಬತ್ತು ಗಂಟೆಗೆ ಬಂದು ಬಾಗಿಲು ತಟ್ಟಿದ. ಕೂತ್ಕೋಪ್ಪ ಅಂದರೂ ಕೂರಲಿಲ್ಲ.

‘ಮೇಷ್ಟ್ರೇ, ನೀವು ಹೋಗಿ ಬಂದ್ರಲ್ಲ, ಆ ಪ್ರಾಗ್ ಅಂತ ಊರು, ಅಲ್ಲಿಗೆ ಮೂರು ಜನಕ್ಕೆ ಎಷ್ಟಾಗುತ್ತೆ?’

ಯಾಕಪ್ಪ ಅಂದೆ. ‘ಎರಡು ಲಕ್ಷದ ಚೀಟಿ ಒಂದಿದೆ. ಈ ಸಲ ಕೂಗೋಣ ಅಂತಿದ್ದೀನಿ.’

ಆ ಚೀಟಿ ಯಾತಕ್ಕೆಂದು ನನಗೆ ಗೊತ್ತು. ಮಗಳ ಪಿಯುಸಿ ಫೀಜಿಗೆಂದು ಆಕೆ ಏಳನೆಯ ತರಗತಿಯಲ್ಲಿದ್ದಾಗಿನಿಂದ ಕಟ್ಟುತ್ತಾ ಬಂದದ್ದು. ಕೆದಕಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಶಾಲೆಯಲ್ಲಿ ‘ನಾನು ನೋಡಿದ ಹೊಸ ಊರು’ ಎಂದು ನಾಲ್ಕು ಪುಟ ಬರೆದು, ಫೋಟೊ ಅಂಟಿಸಿ ತರಲು ಹೇಳಿದ್ದಾರೆ. ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದಾಗ ಒಬ್ಬ ದುಬೈ ಅಂದ, ಒಬ್ಬಳು ಸ್ವಿಟ್ಜರ್ಲೆಂಡ್ ಅಂದಳು. ಈ ಹುಡುಗಿ ಎದ್ದು ನಿಂತು ‘ನಾನು ಎಲ್ಲಿಗೂ ಹೋಗಿಲ್ಲ ಮಿಸ್’ ಅಂದಳಂತೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರಂತೆ. ಮನೆಗೆ ಬಂದು ಆಕೆ ಅತ್ತಿಲ್ಲ, ಏನೂ ಕೇಳಿಲ್ಲ. ಊಟ ಮಾತ್ರ ಸರಿಯಾಗಿ ಮಾಡುತ್ತಿಲ್ಲ. ಅಪ್ಪನಿಗೆ ಅಷ್ಟು ಸಾಕಾಯಿತು.

ತಪ್ಪಿನಲ್ಲಿ ನನ್ನ ಪಾಲೂ ಇತ್ತು. 2024ರ ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಪ್ರಾಗ್‌ಗೆ ಹೋಗಿ ಒಂದು ವಾರ ಇದ್ದು ಬಂದೆವು. ನನ್ನ ತಂಗಿಯ ಮಗ ಅಲ್ಲಿ ಓದುತ್ತಿದ್ದಾನೆ. ಬಂದ ಮೇಲೆ ಒಂದು ತಿಂಗಳು ಬೀದಿಯವರಿಗೆಲ್ಲ ಫೋಟೊ ತೋರಿಸಿ, ದೀಪದ ಚೌಕ, ಹಿಮ ಬಿದ್ದ ಗೋಪುರ ಎಂದು ಬಾಯಿ ತುಂಬ ಹೇಳಿದವನು ನಾನೇ. ಹೇಳುವಾಗ, ಎದುರಿಗೆ ಕುಳಿತು ಕೇಳುವ ಮಕ್ಕಳ ಮನೆಯ ಲೆಕ್ಕ ಯಾರು ಹಾಕುತ್ತಾರೆ? ಚೆಂದದ್ದನ್ನಷ್ಟೇ ಹೇಳಿದ್ದೆ. ಆ ರಾತ್ರಿ ಆತನಿಗೆ ಉಳಿದದ್ದನ್ನೂ ಹೇಳಿದೆ. ಪ್ರವಾಸದ ಯೋಚನೆಯಲ್ಲಿರುವ ಬೇರೆ ಪೋಷಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ ತಲಾ 90 ಯೂರೊ. 2024ರ ಜೂನ್‌ನಲ್ಲಿ 80ರಿಂದ ಏರಿಸಿದರು. ಅದರ ಮೇಲೆ ವೀಸಾ ಕೇಂದ್ರದ ಸೇವಾ ಶುಲ್ಕ, 30,000 ಯೂರೊ ಮೊತ್ತದ ಪ್ರಯಾಣ ವಿಮೆ, ಬ್ಯಾಂಕಿನ ಖಾತೆ ವಿವರ. ವೀಸಾ ಕೊಡದಿದ್ದರೆ ಶುಲ್ಕ ವಾಪಸ್ಸಿಲ್ಲ. ಇರಲು ಹುಡುಗನ ಕೋಣೆ ಇದ್ದೂ ನಮ್ಮಿಬ್ಬರಿಗೆ ಎರಡು ಲಕ್ಷದ ಹತ್ತಿರ ಬಂತು. ಹೋಟೆಲು ಹಿಡಿದು ಮೂವರು ಹೋದರೆ ಮೂರೂವರೆ ಲಕ್ಷಕ್ಕೆ ಕಡಿಮೆಯಾಗದು ಎಂದೆ. ಆತ ಗೋಡೆಗೆ ಒರಗಿಕೊಂಡ.

‘ಜೆಕ್ ಅಂದ್ರೆ ಯಾವ ಕಡೆಯ ಜನ ಮೇಷ್ಟ್ರೇ?’

ನಿನಗೆ ಗೊತ್ತಿರುವ ಜನವೇ ಎಂದೆ. 2015ರ ಫೆಬ್ರುವರಿಯಲ್ಲಿ ನಮ್ಮ ಯಲಹಂಕ ವಾಯುನೆಲೆಯ ಏರೋ ಇಂಡಿಯಾದಲ್ಲಿ ಸಣ್ಣ ವಿಮಾನಗಳು ಗುಂಪಾಗಿ ಹಾರುವಾಗ ಎರಡರ ರೆಕ್ಕೆ ಒಂದಕ್ಕೊಂದು ತಗುಲಿ, ಪುಣ್ಯಕ್ಕೆ ಎರಡೂ ಸುರಕ್ಷಿತವಾಗಿ ಇಳಿದವಲ್ಲ, ಆ ತಂಡ ಜೆಕ್ ದೇಶದ್ದು. ‘ಅಯ್ಯೋ, ಆವತ್ತು ನಾನು ತಾರಸಿ ಮೇಲಿದ್ದೆ!’ ಎಂದ. ಆತನ ತಂದೆ ಚಿಕ್ಕಬಳ್ಳಾಪುರದ ಕಡೆಯಿಂದ ಇಲ್ಲಿಗೆ ಬಂದಾಗ ಓಡಿಸುತ್ತಿದ್ದ ಹಳೆಯ ಜಾವಾ ಬೈಕೂ ಮೂಲದಲ್ಲಿ ಅಲ್ಲಿಯದೇ. ಯಾನೆಚೆಕ್ ಎಂಬುವನು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ಪರವಾನಗಿ ಕೊಂಡು, ಎರಡೂ ಹೆಸರಿನ ತಲೆಯನ್ನು ಜೋಡಿಸಿ ‘ಜಾವಾ’ ಎಂದು ಹೆಸರಿಟ್ಟ. 1960ರ ದಶಕದಿಂದ ಅದು ಮೈಸೂರಿನಲ್ಲೇ ತಯಾರಾಯಿತು, ಆಮೇಲೆ ಯೆಜ್ಡಿಯಾಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಇದನ್ನು ಕೇಳಿ ಆತ ಕೊನೆಗೂ ಕುರ್ಚಿಯ ಮೇಲೆ ಕುಳಿತ. ಪರವೂರು ಅನ್ನುವುದು ಕಡಿಮೆಯಾಯಿತೇನೋ.

ಪ್ರಾಗ್‌ನ ಹಳೇ ಪಟ್ಟಣದ ಚೌಕ ಚೆಂದವೆಂಬುದರಲ್ಲಿ ಎರಡು ಮಾತಿಲ್ಲ. 1410ರ ಖಗೋಳ ಗಡಿಯಾರ ಗಂಟೆ ಹೊಡೆಯುವಾಗ ಅದರ ಕಿಟಕಿಯಲ್ಲಿ ಅಪೊಸ್ತಲರ ಗೊಂಬೆಗಳು ಸುತ್ತು ಹಾಕುವುದನ್ನು ನೋಡಲು ಕತ್ತು ಮೇಲೆತ್ತಿ ನಿಂತ ಜನ, ನಡುವೆ ದೀಪ ಸುತ್ತಿದ ದೊಡ್ಡ ಮರ, ಸುತ್ತ ಮರದ ಗೂಡಂಗಡಿಗಳ ಸಾಲು. ನವೆಂಬರ್ ಕೊನೆಗೆ ಶುರುವಾಗಿ ಜನವರಿ ಮೊದಲ ವಾರದವರೆಗೆ ಈ ಪೇಟೆ ನಡೆಯುತ್ತದೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಷ್ಟು ಬೇಗ ಸೂರ್ಯ ಮುಳುಗುವ ಊರಿನಲ್ಲಿ ದೀಪಕ್ಕೆ ಬೆಲೆ ಬರುವುದು ಸಹಜವೇ. ಆದರೆ ಮೂರು ದಿನ ಆ ಚೌಕದಲ್ಲೇ ಸುತ್ತಿ, ಮೂರು ದಿನವೂ ಮೋಸ ಹೋದೆವು. ಅಂಗಡಿಯವರು ಮಾಡಿದ ಮೋಸವಲ್ಲ, ನಾವೇ ಮಾಡಿಕೊಂಡದ್ದು.

ಕೋಲಿಗೆ ಹಿಟ್ಟು ಸುತ್ತಿ, ಕೆಂಡದ ಮೇಲೆ ತಿರುಗಿಸಿ, ಸಕ್ಕರೆ ಮತ್ತು ಕಾಯಿಪುಡಿಯಲ್ಲಿ ಹೊರಳಿಸಿ ಕೊಡುವ ತರ್ದೆಲ್ನೀಕ್ ಎಂಬ ತಿಂಡಿ ಅಲ್ಲಿ ಹೆಜ್ಜೆಗೊಂದು. ಬೋರ್ಡಿನ ಮೇಲೆ ‘ಹಳೇ ಬೊಹೀಮಿಯಾದ್ದು’ ಎಂದು ಬರೆದಿರುತ್ತದೆ. ನಾವು ಜೆಕ್ ಸಂಪ್ರದಾಯವನ್ನೇ ತಿನ್ನುತ್ತಿದ್ದೇವೆಂಬ ಭಕ್ತಿಯಿಂದ ದಿನಕ್ಕೊಂದು ತಿಂದೆವು. ನಾಲ್ಕನೆಯ ದಿನ ತಿಳಿಯಿತು: ಅದಕ್ಕೆ ಹೆಸರುವಾಸಿಯಾದ ಊರು ಪಕ್ಕದ ಸ್ಲೊವಾಕಿಯಾದ ಸ್ಕಲಿತ್ಸಾ, ಹಂಗರಿಯವರಲ್ಲೂ ಅದರ ಅಣ್ಣನೊಬ್ಬನಿದ್ದಾನೆ. ಪ್ರಾಗ್‌ನ ಬೀದಿಗಳನ್ನು ಅದು ತುಂಬಿಕೊಂಡದ್ದು ತೀರಾ ಈಚಿನ ದಶಕಗಳಲ್ಲಿ, ನಮ್ಮಂಥ ಪ್ರವಾಸಿಗರಿಗೋಸ್ಕರ. ಊರಿನ ಜನ ಅದನ್ನು ನೋಡಿ ಮೂಗು ಮುರಿಯುತ್ತಾರೆ.

ಇನ್ನೊಂದು ಎಚ್ಚರಿಕೆ. ಅಲ್ಲಿ ಬೆಂಕಿಯ ಮೇಲೆ ತಿರುಗುವ ಹಂದಿಯ ತೊಡೆಯ ಮಾಂಸ ಪ್ರಸಿದ್ಧ. ಫಲಕದಲ್ಲಿ ಬರೆದ ಬೆಲೆ ಒಂದು ತಟ್ಟೆಯದಲ್ಲ, ನೂರು ಗ್ರಾಮಿನದು. ಕೇಳದೆ ಕೈ ಚಾಚಿದರೆ ಮುನ್ನೂರು, ನಾನ್ನೂರು ಗ್ರಾಂ ಕತ್ತರಿಸಿ ಇಟ್ಟುಬಿಡುತ್ತಾರೆ. ನಾವು ಸಸ್ಯಾಹಾರಿಗಳಾದ್ದರಿಂದ ಆ ಬಲೆಗೆ ಬೀಳಲಿಲ್ಲ. ನಮ್ಮ ಮುಂದೆ ನಿಂತಿದ್ದವರು ಬಿದ್ದರು. ಹಣವೂ ಯೂರೊ ಅಲ್ಲ, ಕೊರುನಾ. ನಾವು ಹೋದಾಗ ಒಂದಕ್ಕೆ ಮೂರೂವರೆ ರೂಪಾಯಿಯ ಆಸುಪಾಸಿತ್ತು. ಬೀದಿಯಲ್ಲಿ ನಿಂತು ‘ಬದಲಾಯಿಸಿ ಕೊಡುತ್ತೇನೆ’ ಅನ್ನುವವರ ಹತ್ತಿರ ಸುಳಿಯಬಾರದು.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಬ್ರಾಂಬೊರಾಕ್ ಎಂಬುದೊಂದಿದೆ, ಆಲೂಗಡ್ಡೆ ತುರಿದು, ಬೆಳ್ಳುಳ್ಳಿ ಮತ್ತು ಒಂದು ಬಗೆಯ ಸುವಾಸನೆಯ ಒಣಸೊಪ್ಪು ಹಾಕಿ, ಕಾವಲಿಯ ಮೇಲೆ ರೊಟ್ಟಿಯಂತೆ ಬೇಯಿಸುವುದು. ಮೊಟ್ಟೆ ಸೇರಿರುತ್ತದೆ, ಬೇಡದವರು ಗಮನಿಸಿ. ಚೀಸಿನ ದಪ್ಪ ತುಂಡನ್ನು ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದು ಆಲೂಗಡ್ಡೆಯೊಂದಿಗೆ ಕೊಡುವುದೂ ಎಲ್ಲ ಹೋಟೆಲುಗಳಲ್ಲಿ ಸಿಗುತ್ತದೆ. ನನ್ನ ಹೆಂಡತಿಗೆ ಹಿಡಿಸಿದ್ದು ಕ್ನೆಡ್ಲೀಕಿ. ಮೈದಾ ಮತ್ತು ಹಳೇ ಬ್ರೆಡ್ಡಿನ ತುಂಡು ಕಲಸಿ, ಉದ್ದನೆಯ ಉಂಡೆ ಮಾಡಿ ನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ದಾರದಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾರೆ. ‘ಇದು ಕಡುಬಿನ ಜಾತಿ ಕಣ್ರೀ’ ಎಂದು ಆಕೆ ತೀರ್ಪು ಕೊಟ್ಟಳು. ಒಳಗೆ ಹಣ್ಣು ತುಂಬಿದ ಸಿಹಿ ಕ್ನೆಡ್ಲೀಕಿ ಬಂದಾಗಲಂತೂ ಆಕೆಯ ವಾದಕ್ಕೆ ಎದುರಾಡಲು ನನ್ನಲ್ಲಿ ಏನೂ ಉಳಿಯಲಿಲ್ಲ. ಸೂಪಿನ ವಿಷಯದಲ್ಲಿ ಮಾತ್ರ ಕೇಳಿಯೇ ಕುಡಿಯಬೇಕು; ತರಕಾರಿಯದೆಂದು ಕಂಡರೂ ಹಲವಕ್ಕೆ ಮಾಂಸದ ರಸ ಬೆರೆತಿರುತ್ತದೆ.

ಇಷ್ಟೆಲ್ಲ ನಮಗೆ ಕಲಿಸಿದವರು ಚೌಕದ ಅಂಗಡಿಯವರಲ್ಲ. ನಮ್ಮ ಹುಡುಗ ಬಾಡಿಗೆಗಿರುವುದು ಊರಂಚಿನ ಹಳೆಯ ವಸತಿ ಕಟ್ಟಡವೊಂದರಲ್ಲಿ, ಒಬ್ಬ ಅಜ್ಜಿಯ ಮನೆಯ ಕೋಣೆಯಲ್ಲಿ. ನಾವು ಬಂದದ್ದಕ್ಕೆ ಆಕೆ ಇನ್ನೊಂದು ಕೋಣೆ ಬಿಟ್ಟುಕೊಟ್ಟಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನಕ್ಕೆಂದು ಬಚ್ಚಲಿಗೆ ಹೋದೆ. ತೊಟ್ಟಿಯಲ್ಲಿ ನೀರು ತುಂಬಿದೆ, ನೀರಿನಲ್ಲಿ ಮೊಳಕ್ಕಿಂತ ಉದ್ದದ ಒಂದು ಮೀನು ಬಾಯಿ ತೆರೆದು ಮುಚ್ಚುತ್ತಾ ನನ್ನನ್ನೇ ನೋಡುತ್ತಿದೆ! ಟವೆಲು ಸುತ್ತಿಕೊಂಡೇ ಹೊರಗೆ ಓಡಿ ಬಂದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದು ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟದ ಗೆಂಡೆ. ಡಿಸೆಂಬರ್ 20ರ ಸುಮಾರಿಗೆ ಪ್ರಾಗ್‌ನ ಬೀದಿ ಬೀದಿಯಲ್ಲಿ ದೊಡ್ಡ ತೊಟ್ಟಿಗಳನ್ನಿಟ್ಟು ಜೀವಂತ ಗೆಂಡೆ ಮಾರುತ್ತಾರೆ. ಊರಿನವರ ನಿಜವಾದ ಕ್ರಿಸ್‌ಮಸ್ ಪೇಟೆ ಅದು. ಮರದ ಗೂಡಂಗಡಿಯಿಲ್ಲ, ಹಾಡಿಲ್ಲ. ರಬ್ಬರ್ ಬೂಟು ತೊಟ್ಟ ಮಾರಾಟಗಾರ, ಒಂದು ತಕ್ಕಡಿ, ಚಳಿಯಲ್ಲಿ ಕೈಚೀಲ ಹಿಡಿದು ಸಾಲು ನಿಂತ ಜನ. ಅಲ್ಲೇ ಕೊಯ್ಯಿಸಿಕೊಂಡೂ ಹೋಗಬಹುದು, ಜೀವಂತವಾಗಿಯೂ ಒಯ್ಯಬಹುದು. ಒಯ್ದರೆ ಎರಡು ದಿನ ಬಚ್ಚಲ ತೊಟ್ಟಿಯೇ ಅದರ ಮನೆ. ಮಕ್ಕಳು ಅದಕ್ಕೊಂದು ಹೆಸರಿಟ್ಟು ಬಿಡುತ್ತಾರೆ; ಆಮೇಲೆ ಕೊಯ್ಯಲು ಬಿಡುವುದಿಲ್ಲ. ಒಯ್ದು ನದಿಗೆ ಬಿಡುವವರೂ ಇದ್ದಾರೆ, ಆದರೆ ತೊಟ್ಟಿಯಲ್ಲಿ ಸೋತ ಮೀನು ಆ ತಣ್ಣೀರಿನಲ್ಲಿ ಬದುಕುವುದು ಕಷ್ಟ ಎಂದು ತಿಳಿದವರು ಹೇಳುತ್ತಾರೆ.

ಈ ಗೆಂಡೆಗಳು ಬರುವುದು ಹೆಚ್ಚಾಗಿ ದಕ್ಷಿಣ ಬೊಹೀಮಿಯಾದ ತ್ರೆಬೊನ್ ಸೀಮೆಯಂಥ ಕಡೆಯ ಕೆರೆಗಳಿಂದ. ಕೆರೆಗಳು ಹುಟ್ಟಿದ್ದಲ್ಲ, ಕಟ್ಟಿದ್ದು. ಅವುಗಳಲ್ಲೆಲ್ಲ ದೊಡ್ಡದಾದ ರೋಜ್ಮ್‌ಬರ್ಕ್ ಕೆರೆಯನ್ನು ಕರ್ಚೀನ್ ಎಂಬುವನು 1584ರಿಂದ 1590ರವರೆಗೆ ಕಟ್ಟಿಸಿದ. ನಮ್ಮ ಯಲಹಂಕ ನಾಡಪ್ರಭುಗಳು ಬೆಂಗಳೂರಿನ ಸುತ್ತ ಕೆರೆ ಕಟ್ಟಿಸುತ್ತಿದ್ದ ಶತಮಾನವೇ ಅದು. ಅವರು ಶರತ್ಕಾಲದಲ್ಲಿ ತೂಬು ಎತ್ತಿ, ನೀರು ಹರಿಸಿ, ಬಲೆ ಎಳೆದು ಗೆಂಡೆ ಹಿಡಿಯುತ್ತಾರೆ; ಮತ್ತೆ ನೀರು ತುಂಬಿಸುತ್ತಾರೆ. ನಾಲ್ಕು ಶತಮಾನದ ಮೇಲೂ ಆ ಕೆರೆಗಳು ಕೆಲಸ ಮಾಡುತ್ತಿವೆ. ನಮ್ಮ ಕೆರೆಗಳ ಗತಿ ಏನೆಂದು ಇಲ್ಲಿ ಬರೆಯಲು ಹೊರಟರೆ ಈ ವಾರದ ಪುಟ ಅದಕ್ಕೇ ಮುಗಿದೀತು.

ಅಜ್ಜಿ ನಮಗೆಂದೇ ಕುಬಾ ಮಾಡಿದರು: ಬಾರ್ಲಿ, ಒಣಗಿಸಿದ ಅಣಬೆ, ಬೆಳ್ಳುಳ್ಳಿ. ಮಾಂಸವಿಲ್ಲದ ಹಳೆಯ ಹಬ್ಬದಡುಗೆ. ನಮ್ಮ ಪ್ರವಾಸದಲ್ಲಿ ನಾನು ತಿಂದ ಅತ್ಯಂತ ರುಚಿಯಾದ ಪದಾರ್ಥ ಅದೇ, ಚೌಕದ ಯಾವ ಅಂಗಡಿಯಲ್ಲೂ ನನಗೆ ಕಂಡಿರಲಿಲ್ಲ. ಅಲ್ಲಿ ಮಕ್ಕಳಿಗೆ ಉಡುಗೊರೆ ತರುವವನು ಕೆಂಪಂಗಿಯ ಸಾಂತಾ ಅಲ್ಲ, ಯೆಜೀಶೆಕ್, ಅಂದರೆ ಬಾಲ ಯೇಸು. 24ರ ಸಂಜೆ ಊಟ ಮುಗಿದ ಮೇಲೆ ಗಂಟೆ ಕಿಣಿಕಿಣಿ ಅಂದರೆ ಆತ ಬಂದು ಹೋದನೆಂದು ಅರ್ಥ. ಆವತ್ತು ಹಗಲೆಲ್ಲ ಉಪವಾಸವಿದ್ದ ಮಗುವಿಗೆ ಗೋಡೆಯ ಮೇಲೆ ಚಿನ್ನದ ಹಂದಿಮರಿ ಕಾಣುತ್ತದಂತೆ. ಗೆಂಡೆಯ ಹುರುಪೆಯೊಂದನ್ನು ಪರ್ಸಿನಲ್ಲಿಟ್ಟುಕೊಂಡರೆ ವರ್ಷವಿಡೀ ದುಡ್ಡಿಗೆ ಕೊರತೆಯಿಲ್ಲವಂತೆ. ಮತ್ತೆ ತ್ಸುಕ್ರೊವಿ: ಬೆರಳುದ್ದದ, ಅರ್ಧಚಂದ್ರದ, ನಕ್ಷತ್ರದ ಆಕಾರದ ಹತ್ತಾರು ಬಗೆಯ ಪುಟ್ಟ ಬಿಸ್ಕತ್ತುಗಳು. ಹಬ್ಬಕ್ಕೆ ವಾರಗಳ ಮುಂಚೆಯೇ ಬೇಯಿಸಿ ಡಬ್ಬಿಗಳಲ್ಲಿ ತುಂಬಿಟ್ಟು, ಬಂದವರಿಗೂ ನೆರೆಯವರಿಗೂ ತಟ್ಟೆ ತುಂಬ ಕೊಡುತ್ತಾರೆ. ನನ್ನ ಹೆಂಡತಿ ತಂದಿದ್ದ ಕೊಬ್ಬರಿ ಮಿಠಾಯಿಯನ್ನು ಅಜ್ಜಿ ಆ ತಟ್ಟೆಯ ನಡುವೆ ಇಟ್ಟರು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಹತ್ತೂವರೆ. ‘ಹಂಗಾದ್ರೆ ದೀಪ ನೋಡೋಕೆ ಮೂರು ದಿನ, ಊರು ನೋಡೋಕೆ ಒಂದೇ ದಿನ ಸಿಕ್ಕಿದ್ದು ನಿಮಗೆ’ ಎಂದ ಆತ. ಟ್ಯಾಕ್ಸಿ ಓಡಿಸುವವರು ಮಾತನ್ನು ಹೀಗೆ ನೇರವಾಗಿ ತಂದು ನಿಲ್ಲಿಸಿಬಿಡುತ್ತಾರೆ.

ಚೀಟಿ ಕೂಗಬೇಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೋಗಿ ಬಂದವನು ಹೋಗಬೇಡ ಎನ್ನುವುದು ಹೇಗೆ? ‘ಭಾನುವಾರ ಮೂವರೂ ನಮ್ಮ ಜೊತೆ ಬನ್ನಿ, ಒಂದು ಕಡೆ ಹೋಗಿ ಬರೋಣ. ಆಮೇಲೆ ಚೀಟಿ ವಿಷಯ ಯೋಚನೆ ಮಾಡು’ ಎಂದೆ. ಪ್ರಾಗ್‌ನವನೊಬ್ಬ ಬೆಂಗಳೂರಿಗೆ ಬಂದು ನೆಲೆಸಿದ್ದಾನೆ, ಅವನನ್ನು ತೋರಿಸುತ್ತೇನೆ ಎಂದು ಹುಡುಗಿಗೆ ಹೇಳು ಎಂದೂ ಸೇರಿಸಿದೆ.

ಭಾನುವಾರ ಬೆಳಿಗ್ಗೆ ಕೋಗಿಲು ಕ್ರಾಸಿನಲ್ಲಿ ಶಿವಾಜಿನಗರದ ಬಸ್ಸು ಹತ್ತಿದೆವು. ಟ್ಯಾಕ್ಸಿ ಬೇಡವೆಂದು ಮೊದಲೇ ಹೇಳಿದ್ದೆ. ಆತ ಕಿಟಕಿ ಪಕ್ಕ ಕುಳಿತು ತಾನು ದಿನಾ ಓಡಿಸುವ ರಸ್ತೆಯನ್ನು ಹೊಸಬನಂತೆ ನೋಡುತ್ತಿದ್ದ. ಮೂವರು ಹೆಂಗಸರಿಗೂ ಕಂಡಕ್ಟರು ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಪ್ರಾಗ್‌ನಲ್ಲಿಯೂ ಹದಿನೈದು ತುಂಬದ ಮಕ್ಕಳಿಗೆ ಟ್ರ್ಯಾಮು, ಬಸ್ಸು ಉಚಿತ ಎಂದೆ. ಹುಡುಗಿ ಮಾತಾಡಲಿಲ್ಲ, ಟಿಕೆಟ್ಟನ್ನು ಮಾತ್ರ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಳು.

ಶಿವಾಜಿನಗರದಲ್ಲಿ ಸಂತ ಮೇರಿ ಬೆಸಿಲಿಕಾದ ಚೂಪು ಗೋಪುರ, ಅದರ ಎದುರಿಗೆ ರಸೆಲ್ ಮಾರುಕಟ್ಟೆ. 1927ರಲ್ಲಿ ಕಟ್ಟಿದ, 1933ರಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದ ಈ ಮಾರುಕಟ್ಟೆ 2012ರ ಫೆಬ್ರುವರಿಯ ಬೆಂಕಿಯಲ್ಲಿ ಭಾರಿ ಹಾನಿಗೊಂಡಿತ್ತು. ವ್ಯಾಪಾರಿಗಳು ಅಲ್ಲಿಯೇ ಮತ್ತೆ ಅಂಗಡಿ ಹೂಡಿದರು. ಡಿಸೆಂಬರಿನಲ್ಲಿ ಸುತ್ತಲಿನ ಬೀದಿಗಳ ತುಂಬ ಕಾಗದದ ನಕ್ಷತ್ರ, ಗೋದಲಿಗೆ ಬೇಕಾದ ಗೊಂಬೆಗಳು, ಒಣಹುಲ್ಲು, ಜರಿಯ ಹಾರ. ಹುಲ್ಲು ಕಟ್ಟುತ್ತಿದ್ದವರು ಬುರ್ಖಾ ತೊಟ್ಟ ಒಬ್ಬ ಹೆಂಗಸು. ಗೋದಲಿಯ ಹಸುವಿಗೆ ಎಷ್ಟು ಹುಲ್ಲು ಬೇಕೆಂದು ಕೊಳ್ಳುವವರಿಗೆ ಆಕೆಯೇ ಹೇಳಿಕೊಡುತ್ತಿದ್ದರು. ಹುಡುಗಿಯ ಅಪ್ಪ ಒಂದು ನಕ್ಷತ್ರದ ಬೆಲೆ ಕೇಳಿ, ಎರಡು ಅಂಗಡಿ ದಾಟಿ, ಮತ್ತೆ ಹಿಂದಕ್ಕೆ ಬಂದು ಕೊಂಡ. ಚೌಕಾಸಿ ಮಾಡಿದ್ದು ಮಗಳು.

ಮೀನಿನ ಸಾಲಿಗೆ ನಾವು ಗಂಡಹೆಂಡಿರು ಹೋಗಲಿಲ್ಲ, ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ಹೊರಗೇ ನಿಂತೆವು. ಅವರು ಮೂವರೂ ಹೋಗಿ ಬಂದರು. ಹುಡುಗಿಯ ಅಮ್ಮನ ಕೈಯಲ್ಲಿ ಚೀಲ. ‘ನಿಮ್ಮ ಪ್ರಾಗ್ ಮೀನು ಇದೇನಾ ನೋಡಿ ಮೇಷ್ಟ್ರೇ. ನಮ್ಮ ತವರಿನ ಕೆರೆ ಬತ್ತಿದಾಗ ಬುಟ್ಟಿಗಟ್ಟಲೆ ಹಿಡೀತಿದ್ರು. ಮುಳ್ಳು ಜಾಸ್ತಿ, ಆದ್ರೆ ರುಚಿ’ ಎಂದಳು. ಸಾಮಾನ್ಯ ಗೆಂಡೆಯೇ. ಅದು ನಮ್ಮ ನಾಡಿನ ಮೀನೂ ಅಲ್ಲ. 1939ರಲ್ಲಿ ನೀಲಗಿರಿಗೆ ತಂದು ಬಿಟ್ಟದ್ದು, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂತು. ಈಗ ನಮ್ಮ ಕೆರೆಗಳಲ್ಲಿ ಕಟ್ಲಾ, ರೋಹುಗಳ ಜೊತೆ ಮನೆಯವನಂತೆ ಬೆಳೆಯುತ್ತದೆ.

ಮಧ್ಯಾಹ್ನ ಫ್ರೇಜರ್ ಟೌನಿಗೆ ಹೋದೆವು. ನನ್ನ ಜೊತೆ ಒಂದೇ ಶಾಲೆಯಲ್ಲಿ ಪಾಠ ಮಾಡಿದ, ಮಂಗಳೂರು ಕಡೆಯ ಟೀಚರೊಬ್ಬರ ಮನೆ ಅಲ್ಲಿದೆ. ಡಿಸೆಂಬರ್ ಬಂತೆಂದರೆ ಅವರ ಮನೆಯಲ್ಲಿ ಕುಸ್ವಾರ್ ಸಿದ್ಧತೆ. ಮಂಗಳೂರಿನ ಕೊಂಕಣಿ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಮಾಡುವ ತಿಂಡಿಗಳ ಒಟ್ಟು ಹೆಸರು ಅದು. ನೆವ್ರಿಯೊ ಅಂದರೆ ನಮ್ಮ ಕರ್ಜಿಕಾಯಿಯೇ. ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸುವ, ಹೂವಿನಂಥ ಕೊಕ್ಕಿಸಾಂ. ಬೆಂಗಳೂರಿನ ಬೇಕರಿಗಳಲ್ಲಿ ಅದಕ್ಕೆ ರೋಸ್ ಕುಕ್ಕಿ ಎಂಬ ಹೆಸರು. ಮತ್ತೆ ಕಿಡಿಯೊ, ಇಲ್ಲಿಯವರು ಕಲ್‌ಕಲ್ ಅನ್ನುವುದು. ಹಿಟ್ಟಿನ ಗುಂಡನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ತೆಗೆದರೆ ಹುಳುವಿನಂತೆ ಗೆರೆ ಬೀಳುತ್ತದೆ. ಕಿಡಿಯೊ ಅಂದರೆ ಹುಳುಗಳೆಂದೇ ಅರ್ಥ. ಇವನ್ನೆಲ್ಲ ಡಬ್ಬಿಗಳಲ್ಲಿ ತುಂಬಿಟ್ಟು, ಹಬ್ಬದ ದಿನ ತಟ್ಟೆಗೆ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕಳಿಸುತ್ತಾರೆ. ಪ್ರಾಗ್‌ನ ಅಜ್ಜಿಗೆ ಈ ತಟ್ಟೆ ತೋರಿಸಿದ್ದರೆ ಯಾವ ಭಾಷೆಯೂ ಬೇಕಾಗುತ್ತಿರಲಿಲ್ಲ.

ಟೀಚರು ಅತಿಥಿಗಳೆಂದು ಯಾರನ್ನೂ ಸುಮ್ಮನೆ ಕೂರಿಸುವವರಲ್ಲ. ‘ಬಾಮ್ಮ, ಕೈ ತೊಳ್ಕೊಂಡು ಬಾ’ ಎಂದು ಹುಡುಗಿಯ ಕೈಗೆ ಫೋರ್ಕು ಕೊಟ್ಟರು. ಮೊದಲ ಹತ್ತು ಹುಳುಗಳು ಚಪ್ಪಟೆಯಾದವು. ಹನ್ನೊಂದನೆಯದು ಸುರುಳಿಯಾಯಿತು. ಒಂದೂವರೆ ಗಂಟೆ ಆಕೆ ಅಲ್ಲಿಂದ ಏಳಲಿಲ್ಲ. ಎಷ್ಟು ಹಿಟ್ಟಿಗೆ ಎಷ್ಟು ತೆಂಗಿನಹಾಲು, ಎಣ್ಣೆ ಕಾದಿದೆಯೆಂದು ತಿಳಿಯುವುದು ಹೇಗೆ, ಮಂಗಳೂರಿನಿಂದ ಯಾವ ವರ್ಷ ಬಂದಿರಿ, ಮೊದಲ ಕ್ರಿಸ್‌ಮಸ್ಸಿನಲ್ಲಿ ಇಲ್ಲಿ ಯಾರಿಗೆ ತಟ್ಟೆ ಕೊಟ್ಟಿರಿ ಎಂದು ಒಂದೇ ಸಮನೆ ಪ್ರಶ್ನೆ. ತರಗತಿಯಲ್ಲಿ ಎದ್ದು ನಿಂತು ‘ಎಲ್ಲಿಗೂ ಹೋಗಿಲ್ಲ’ ಎಂದವಳು ಇವಳೇನಾ ಅನ್ನಿಸಿತು. ‘ಮೊದಲ ವರ್ಷ ಯಾರಿಗೆ ಕೊಡೋದು ಅಂತ ಗೊತ್ತಾಗ್ದೆ ತಟ್ಟೆ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತು ಅತ್ತಿದ್ದೆ’ ಎಂದರು ಟೀಚರು. ಇಪ್ಪತ್ತೆರಡು ವರ್ಷ ಜೊತೆಗೆ ಕೆಲಸ ಮಾಡಿದ ನನಗೆ ಅವರು ಇದನ್ನು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಸಂಜೆ ವಿವೇಕನಗರ. ಬಾಲ ಯೇಸುವಿನ ದೇವಾಲಯ ಬೆಂಗಳೂರಿನವರಿಗೆ ಹೊಸದಲ್ಲ. ಗುರುವಾರ ಬಂದರೆ ಹೂವು, ಮೇಣದಬತ್ತಿ ಹಿಡಿದು ಎಲ್ಲ ಜಾತಿ ಧರ್ಮದವರೂ ಸಾಲು ನಿಂತಿರುತ್ತಾರೆ. ಜನವರಿ 14ಕ್ಕೆ, ನಮ್ಮ ಸಂಕ್ರಾಂತಿಯ ಹೊತ್ತಿಗೇ, ವಾರ್ಷಿಕ ಹಬ್ಬ. ಆದರೆ ಆ ಮಗು ಎಲ್ಲಿಯದೆಂದು ಕೇಳಿದರೆ ಸಾಲಿನಲ್ಲಿರುವ ಹೆಚ್ಚಿನವರು ಉತ್ತರ ಹೇಳಲಾರರು. ಮೂಲ ಮೂರ್ತಿ ಇರುವುದು ಪ್ರಾಗ್‌ನಲ್ಲಿ, ವಲ್ಟಾವಾ ನದಿಯ ಆಚೆ ದಡದ ಒಂದು ಚರ್ಚಿನಲ್ಲಿ. ಸ್ಪೇನಿನಿಂದ ಬಂದಿದ್ದ ಆ ಮೂರ್ತಿಯನ್ನು ಪೊಲಿಕ್ಸೆನಾ ಎಂಬ ಸಿರಿವಂತ ಹೆಣ್ಣುಮಗಳು 1628ರಲ್ಲಿ ಅಲ್ಲಿಯ ಕಾರ್ಮೆಲ್ ಸಭೆಯ ಸನ್ಯಾಸಿಗಳಿಗೆ ಕೊಟ್ಟಳು. ಮರದ ಮೇಲೆ ಮೇಣ ಹಚ್ಚಿದ, ಬರೀ ಒಂದೂವರೆ ಅಡಿಯ ಬೊಂಬೆ. ಅದಕ್ಕೆ ಕಾಲಕಾಲಕ್ಕೆ ಉಡುಪು ಬದಲಿಸುತ್ತಾರೆ. ಮಹಾರಾಣಿ ಮಾರಿಯಾ ತೆರೇಸಾ ಕೊಟ್ಟ ಅಂಗಿಯೂ ಅಲ್ಲಿದೆ. ನಾವು ಹೋದಾಗ ಆ ಚರ್ಚಿನಲ್ಲಿ ಚೌಕದ ಗದ್ದಲದ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಇಲ್ಲಿ ಕಾಲಿಡಲು ಜಾಗವಿಲ್ಲ.

‘ಇಷ್ಟೇ ಇಷ್ಟಾ ತಾತ?’ ಎಂದು ಹುಡುಗಿ ಗೇಣು ಹಾಕಿ ತೋರಿಸಿದಳು. ಎರಡು ಗೇಣು ಎಂದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಕೆಯ ಅಪ್ಪ ಹೊರಗೆ ಮೇಣದಬತ್ತಿ ಹಚ್ಚಿ, ಉರಿಯುತ್ತಿದೆಯೇ ಎಂದು ಸ್ವಲ್ಪ ಹೊತ್ತು ನಿಂತು ನೋಡಿದ.

ಆಕೆ ಬರೆದದ್ದನ್ನು ನನಗೆ ತೋರಿಸಿದ್ದು ಶಾಲೆಗೆ ಕೊಟ್ಟ ಮೇಲೆಯೇ. ಶೀರ್ಷಿಕೆ ‘ಶಿವಾಜಿನಗರ’. ನಾಲ್ಕು ಪುಟ ಸಾಲದೆ ಏಳಾಗಿತ್ತು. ಫೋಟೊ ಅಂಟಿಸಬೇಕಾದ ಜಾಗದಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು, ಕಿಡಿಯೊ ಮಾಡುವ ಫೋರ್ಕಿನ ಒಂದು ಚಿತ್ರ. ಪ್ರಾಗ್ ಹೆಸರು ಒಂದೇ ಕಡೆ ಬಂದಿತ್ತು: ತಾನು ದೊಡ್ಡವಳಾದ ಮೇಲೆ ಆ ಊರಿಗೆ ಹೋಗುವೆನೆಂದೂ, ಹೋದಾಗ ಮೊದಲು ಮೀನಿನ ಸಾಲಿಗೆ ಹೋಗುವೆನೆಂದೂ. ಮೂರು ಕಾಗುಣಿತದ ತಪ್ಪಿದ್ದವು, ಹೇಳಿದೆ. ಅಂಕ ಎಷ್ಟು ಬಂತೆಂದು ಇನ್ನೂ ತಿಳಿಯಬೇಕು. ಮಿಸ್ ‘ಫೋಟೊ ಎಲ್ಲಿ?’ ಎಂದು ಕೇಳಿದರಂತೆ.

ಚೀಟಿಯ ಮಾತನ್ನು ಆತ ಮತ್ತೆ ಎತ್ತಿಲ್ಲ. ನಾನೂ ಕೇಳಿಲ್ಲ. ಗೆಂಡೆಯನ್ನು ಆಕೆಯ ಅಮ್ಮ ಖಾರ ಹಚ್ಚಿ ಹುರಿದಳಂತೆ. ಮಗಳು ಒಂದು ಹುರುಪೆಯನ್ನು ಎತ್ತಿಟ್ಟು, ಅಪ್ಪ ಬಾಡಿಗೆ ದುಡ್ಡು ಇಡುವ ಪರ್ಸಿನಲ್ಲಿ ಸೇರಿಸಿದ್ದಾಳೆ. ಆದರೆ ತೊಳೆಯದೆ ಇಟ್ಟಿದ್ದಾಳೆ. ಎರಡನೆಯ ದಿನ ವಿಮಾನ ನಿಲ್ದಾಣಕ್ಕೆ ಹೊರಟ ಗಿರಾಕಿಯೊಬ್ಬರು ಹೆಬ್ಬಾಳ ದಾಟುವಷ್ಟರಲ್ಲಿ ‘ಏನ್ರೀ ಇದು ವಾಸನೆ?’ ಎಂದು ಕಿಟಕಿ ಇಳಿಸಿದರಂತೆ.